ಕೈಗೆ ಬಿಟ್ಟ ಕೆಲಸದಲ್ಲಿ ತಲೆ ಹಾಕಿದರೆ

2000ನೇ ಇಸವಿ ಅಕ್ಟೋಬರ್ 3, ಅಮೆರಿಕದ ಸೇಂಟ್ ಲೂಯಿಸ್. ಕಾರ್ಡಿನಲ್ಸ್ ಬೇಸ್‌ಬಾಲ್ ತಂಡ ಅಟ್ಲಾಂಟಾ ಬ್ರೇವ್ಸ್ ಮೇಲೆ 6-0 ಮುಂದಿತ್ತು. ಪಿಚ್ಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ರಿಕ್ ಆಂಕೀಲ್‌ಗೆ ಆಗ 21 ವರ್ಷ. ಆ ಸೀಸನ್ನಿನ 175 ಇನ್ನಿಂಗ್ಸ್‌ನಲ್ಲಿ 194 ಸ್ಟ್ರೈಕ್‌ಔಟ್ (ಎಸೆತದಿಂದಲೇ ಬ್ಯಾಟರ್‌ನನ್ನು ಔಟ್) ಮಾಡಿದ್ದ ಎಡಗೈ ಹುಡುಗ. ಮೂರನೇ ಇನ್ನಿಂಗ್ಸ್‌ನಲ್ಲಿ ಒಂದು ಚೆಂಡು ಬ್ಯಾಟರ್ ಹಿಂದೆ ಕೂತ ಕ್ಯಾಚರ್‌ಗೆ ಸಿಗದೆ ಹಿಂದಕ್ಕೆ ಹೋಯಿತು. ಇಂಥ ಎಸೆತವೇ ವೈಲ್ಡ್ ಪಿಚ್. ಆಮೇಲೆ ಇನ್ನೊಂದು, ಮತ್ತೊಂದು. ಒಟ್ಟು ಐದು ವೈಲ್ಡ್ ಪಿಚ್! ಒಂದೇ ಇನ್ನಿಂಗ್ಸ್‌ನಲ್ಲಿ ಅಷ್ಟು ಹಾಕಿದವರು 1890ರ ನಂತರ ಯಾರೂ ಇರಲಿಲ್ಲ. ತಂಡ ಹೇಗೋ ಗೆದ್ದಿತು. ಆದರೆ ಪಿಚ್ಚರ್ ಆಗಿ ಹುಡುಗನ ಗುರಿ ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ರೂಢಿಯಾದ ಕೈಚಳಕ ಇದ್ದಕ್ಕಿದ್ದಂತೆ ಕೈಕೊಡುವ ಇದಕ್ಕೆ ಯಿಪ್ಸ್ ಅಂತಾರೆ. ಬೇಸ್‌ಬಾಲ್‌ನವರು ಬಹಳಷ್ಟು ಜನ ಆ ಪದವನ್ನೇ ಬಾಯಿಗೆ ತರುವುದಿಲ್ಲ, ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವನ್ನು 'ಹುಳ' ಅನ್ನುವ ಹಾಗೆ. 1971ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಹೀರೋ, ಪಿಚ್ಚರ್ ಸ್ಟೀವ್ ಬ್ಲಾಸ್ 1973ರಲ್ಲಿ 88 ಇನ್ನಿಂಗ್ಸ್ ಎಸೆದು 84 ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೊಟ್ಟಾಗ ಅವನ ಹೆಸರಿನಲ್ಲೇ ಒಂದು 'ರೋಗ' ಹುಟ್ಟಿಕೊಂಡಿತು. ಶಾಪ, ದೃಷ್ಟಿ, ಪುಕ್ಕಲುತನ, ಜನ ಏನೇನೋ ಹೇಳುತ್ತಾರೆ. ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ಪುಕ್ಕಲುತನದ ಮಾತೇ. ಶಾಪ ಅಂದವರು ಆಟಗಾರನನ್ನಾದರೂ ಬೈಯುವುದಿಲ್ಲ, ಅಲ್ವಾ?

ಲೆಕ್ಕ ನೋಡಿ. ಪಿಚ್ಚರ್‌ನಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 18.44 ಮೀಟರ್. ಪ್ಲೇಟಿನ ಅಗಲ 43 ಸೆಂಟಿಮೀಟರ್. ಚೆಂಡು ಬಿಡುವಾಗ ಒಂದೇ ಒಂದು ಡಿಗ್ರಿ ವಾಲಿದರೂ ಅಲ್ಲಿ ಸುಮಾರು 32 ಸೆಂಟಿಮೀಟರ್ ತಪ್ಪುತ್ತದೆ, ಅಂದರೆ ನಟ್ಟನಡುವೆ ಇಟ್ಟ ಗುರಿಯೂ ಪ್ಲೇಟಿನಾಚೆ. ಇಷ್ಟು ನಾಜೂಕಾದ ಕೆಲಸವನ್ನು ನಡುವೆ ತಿದ್ದುವುದಕ್ಕೂ ಆಗುವುದಿಲ್ಲ. ಕಣ್ಣು ನೋಡಿ, ಮಿದುಳಿಗೆ ತಿಳಿದು, ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೆಂಡು ಕೈಬಿಟ್ಟಿರುತ್ತದೆ. ಅದಕ್ಕೇ ಸಾವಿರಾರು ಸಲ ಎಸೆದೆಸೆದು ಇಡೀ ಚಲನೆ ಒಂದೇ ಗಂಟಾಗಿ ಮಿದುಳಿನಲ್ಲಿ ಕೂತಿರುತ್ತದೆ. ಮುಖ್ಯವಾಗಿ ಹಿಂಬದಿಯ ಸೆರೆಬೆಲ್ಲಮ್ ಮತ್ತು ಒಳಗಿನ ಕೆಲವು ನರಕೋಶದ ಗುಂಪುಗಳು ಅದನ್ನು ನೋಡಿಕೊಳ್ಳುತ್ತವೆ. ಮನಸ್ಸು ಆ ಗಂಟನ್ನು ಬಿಚ್ಚಿ ನೋಡಲು ಹೋದರೆ ಕೆಟ್ಟಿತು.

ಮೆಟ್ಟಿಲಿಳಿಯುವಾಗ ಈಗ ಯಾವ ಕಾಲು ಅಂತ ಯೋಚಿಸಿ ನೋಡಿ, ಎಡವುತ್ತೀರಿ. ರಂಗೋಲಿ ಹಾಕುವವರ ಪಕ್ಕ ನಿಂತು ಬೆರಳು ಹೇಗೆ ಹಿಡಿದಿದ್ದೀರಿ ಅಂತ ಕೇಳಿ, ಎಳೆ ಅಲ್ಲೇ ದಪ್ಪ. ನನ್ನದೇ ಕಥೆ ಕೇಳಿ. ಒಂದು ಬ್ಯಾಂಕಿನಲ್ಲಿ ಸಹಿ ತಾಳೆಯಾಗುತ್ತಿಲ್ಲ, ಇನ್ನೊಮ್ಮೆ ಹಾಕಿ ಅಂದರು. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದಾಯಿತು. ಮೂರನೆಯದು ನನ್ನದೇ ಅಂತ ನನಗೂ ಅನ್ನಿಸಲಿಲ್ಲ!

ರಾಬ್ ಗ್ರೇ ಎಂಬ ವಿಜ್ಞಾನಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸರಿಯಾಗಿ ಕೂರುತ್ತದೆ. ನುರಿತ ಬ್ಯಾಟರ್‌ಗಳು ಬ್ಯಾಟು ಬೀಸುವಾಗ ಒಂದು ಶಬ್ದ ಕೇಳಿಸುತ್ತಾನೆ. ಆ ಶಬ್ದ ಎಂಥದು ಅಂತ ಕೇಳಿದರೆ ಹೇಳಿಬಿಡುತ್ತಾರೆ, ಆಟ ಕೆಡುವುದಿಲ್ಲ. ಬ್ಯಾಟು ಆಗ ಮೇಲೆ ಹೋಗುತ್ತಿತ್ತೋ ಕೆಳಗೋ ಅಂತ ಕೇಳಿದರೆ ಆಟ ಹಾಳು. ಹೊಸಬರಿಗೆ ಇದು ಪೂರಾ ಉಲ್ಟಾ. ಹಾಗಂತ ಎಲ್ಲ ಯಿಪ್ಸ್‌ಗೂ ಇದೊಂದೇ ಕಾರಣ ಅಲ್ಲ. ಕೆಲವರಲ್ಲಿ ಸ್ನಾಯು ತಾನಾಗಿಯೇ ಬಿಗಿದುಕೊಳ್ಳುವ ಡಿಸ್ಟೋನಿಯಾ ಇರುತ್ತದೆ.

ಆಂಕೀಲ್ 2001ರ ಮೊದಲ ಪಂದ್ಯಕ್ಕೆ ವೋಡ್ಕಾ ಕುಡಿದು ಇಳಿದಿದ್ದೆ ಅಂತ ಆಮೇಲೆ ತಾನೇ ಹೇಳಿದ್ದಾನೆ. ಗೆದ್ದ ಕೂಡ. ತಲೆಯೊಳಗಿನ ಕಾವಲುಗಾರ ಸ್ವಲ್ಪ ಹೊತ್ತು ತೂಕಡಿಸಿರಬೇಕು. ಆದರೆ ಅದು ಎಷ್ಟು ದಿನ ನಡೆದೀತು? ಅದೇ ವರ್ಷ ಕೆಳಗಿನ ಲೀಗಿಗೆ ಇಳಿದ, 2003ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು, 2005ರಲ್ಲಿ ಪಿಚಿಂಗ್ ಬಿಟ್ಟು ಔಟ್‌ಫೀಲ್ಡರ್ (ಮೈದಾನದ ದೂರದ ಭಾಗ ಕಾಯುವವ) ಆದ. 2007ರ ಆಗಸ್ಟ್ 9ರಂದು ಬ್ಯಾಟರ್ ಆಗಿ ವಾಪಸ್ ಬಂದವನು ಅಂದೇ ಹೋಮ್ ರನ್ ಹೊಡೆದ.

ನನಗೆ ಇಷ್ಟ ಮಾತ್ರ ಅದಲ್ಲ, 2008ರ ಮೇ ತಿಂಗಳಲ್ಲಿ ಡೆನ್ವರ್‌ನಲ್ಲಿ ನಡೆದ ಪಂದ್ಯ. ಸೆಂಟರ್ ಫೀಲ್ಡ್‌ನ ಆಳದಿಂದ ಅವನು ಎಸೆದ ಚೆಂಡು ನೆಲ ಮುಟ್ಟದೆ ಸೀದಾ ಮೂರನೇ ಬೇಸ್‌ಗೆ ಬಂದು ಓಟಗಾರ ಔಟಾದ. ಅದೇ ಪಂದ್ಯದಲ್ಲಿ ಮತ್ತೊಮ್ಮೆ ಹಾಗೇ ಆಯಿತು. 18 ಮೀಟರ್ ಎಸೆಯಲಾರದೆ ಒದ್ದಾಡಿದ್ದ ಅದೇ ಎಡಗೈ. ಓಡು, ಹೆಕ್ಕು, ತಿರುಗು, ಎಸೆ. ಯೋಚಿಸಲು ಅಲ್ಲಿ ಪುರುಸೊತ್ತೇ ಇರಲಿಲ್ಲ.