ಬಲ್ಬ್ ಸರಿಯಾಗಿದೆ, ಬೆಳಕು ಮಾತ್ರ ಇಲ್ಲ

ಎಡಗಡೆಯ ಇಂಡಿಕೇಟರ್ ಹಾಕಿದರೆ ಪಕ್ಕದ ಪಾರ್ಕಿಂಗ್ ದೀಪವೂ ಅದರ ಜೊತೆ ತಾಳ ಹಾಕುತ್ತದೆ. ಬ್ರೇಕ್ ತುಳಿದರೆ ಚಾವಣಿಯ ಅಂಚಿನಲ್ಲಿರುವ ಪುಟ್ಟ ದೀಪಗಳು ಮಂಕಾಗಿ ಹೊತ್ತಿಕೊಳ್ಳುತ್ತವೆ. ಹಳೆಯ ಮೋಟರ್‌ಹೋಮ್‌ಗಳಲ್ಲಿ, ಅಂದರೆ ಚಾಸಿಯ ಮೇಲೆ ವಾಸದ ಮನೆ ಕಟ್ಟಿದ ಗಾಡಿಗಳಲ್ಲಿ, ಇಂಥ ಚೇಷ್ಟೆ ಸಾಮಾನ್ಯ. ಕಂಡವರು ಮೊದಲು ಬಲ್ಬ್ ಬದಲಿಸುತ್ತಾರೆ, ಆಮೇಲೆ ಸ್ವಿಚ್ಚು, ಕೊನೆಗೆ ಫ್ಯೂಸು. ಬಹಳಷ್ಟು ಸಲ ಈ ಮೂರೂ ನಿರಪರಾಧಿಗಳು. ಕರೆಂಟು ದೀಪದ ತನಕ ಸರಿಯಾಗಿಯೇ ಬಂದಿರುತ್ತದೆ. ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅಂದರೆ ಅರ್ಥಿಂಗ್, ಹಾಳಾಗಿರುತ್ತದೆ.

ಕಾರಿನಲ್ಲಿ ಈ ತೊಂದರೆ ಕಡಿಮೆ, ಏಕೆಂದರೆ ಉಕ್ಕಿನ ಬಾಡಿಯೇ ವಾಪಸ್ ದಾರಿ. ಮೋಟರ್‌ಹೋಮ್‌ನಲ್ಲಿ ಉಕ್ಕಿನ ಚಾಸಿ ಕೆಳಗಷ್ಟೇ ಇರುತ್ತದೆ. ಮೇಲೆ ಕಟ್ಟಿದ ಮನೆ ಮರದ ಚೌಕಟ್ಟು, ಫೈಬರ್‌ಗ್ಲಾಸ್, ತೆಳ್ಳನೆಯ ಅಲ್ಯೂಮಿನಿಯಂ ತಗಡಿನದು. ಫೈಬರ್‌ಗ್ಲಾಸ್‌ನಲ್ಲಿ ಕರೆಂಟು ಹರಿಯದು. ಹಾಗಾಗಿ ದೀಪಗಳಿಂದ ಚಾಸಿಗೆ ಬೇರೆ ವೈರು ಎಳೆಯಬೇಕು. ಕೆಲಸ ಬೇಗ ಮುಗಿಯಲೆಂದು ಮೂರು ನಾಲ್ಕು ದೀಪಗಳ ವೈರುಗಳನ್ನು ಒಟ್ಟುಗೂಡಿಸಿ ಒಂದೇ ಸ್ಕ್ರೂಗೆ ಬಿಗಿದಿರುವುದುಂಟು. ಆ ಸ್ಕ್ರೂ ಇರುವುದು ಚಕ್ರದ ನೀರು, ಕೆಸರು ಎರಚುವ ಜಾಗದಲ್ಲಿ.

ಸ್ಕ್ರೂಗೆ ತುಕ್ಕು ಹಿಡಿದಾಗ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ಹಿಂಬದಿಯ ಬಲ್ಬ್‌ನೊಳಗೆ ಸಾಮಾನ್ಯವಾಗಿ ಎರಡು ಫಿಲಮೆಂಟ್ (ಕಾದು ಬೆಳಗುವ ತಂತಿ) ಇರುತ್ತವೆ: ಬ್ರೇಕಿಗೆ 21 ವಾಟ್, ಪಾರ್ಕಿಂಗ್‌ಗೆ 5 ವಾಟ್. ಎರಡಕ್ಕೂ ಅರ್ಥಿಂಗ್ ಒಂದೇ, ಬಲ್ಬಿನ ಹಿತ್ತಾಳೆಯ ಕವಚ. ಆ ಅರ್ಥಿಂಗ್ ಕಡಿದುಹೋದರೆ ಬ್ರೇಕಿನ ಕರೆಂಟು 5 ವಾಟ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಪಾರ್ಕಿಂಗ್ ವೈರು ಹಿಡಿದು, ಬೇರೆ ದೀಪಗಳ ಮೂಲಕ ಚಾಸಿ ಸೇರುತ್ತದೆ. ಸಂಬಂಧವೇ ಇಲ್ಲದ ದೀಪ ಮಿಣುಕುವುದು ಇದರಿಂದಲೇ. ಇಂಥ ಲಕ್ಷಣ ಕಂಡರೆ ಬೇರೇನೂ ಮುಟ್ಟದೆ ನೇರವಾಗಿ ಆ ಮೂಲೆಯ ಅರ್ಥಿಂಗ್ ನೋಡಿ.

ಪೂರ್ತಿ ಕಡಿಯದೆ ಅರೆಬರೆ ಕೆಟ್ಟಾಗ ಪತ್ತೆ ಕಷ್ಟ. 12 ವೋಲ್ಟಿನಲ್ಲಿ ಉರಿಯುವ 21 ವಾಟ್ ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ. ಬಿಸಿಯಾದ ಫಿಲಮೆಂಟಿನ ರೋಧ ಸುಮಾರು 7 ಓಮ್. ತುಕ್ಕು ಹಿಡಿದ ಜೋಡಣೆ ಬರೀ 1 ಓಮ್ ಸೇರಿಸಿತು ಅನ್ನಿ. ಬಲ್ಬಿಗೆ ಸಿಗುವುದು ಹತ್ತೂವರೆ ವೋಲ್ಟ್. ಫಿಲಮೆಂಟ್ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಷ್ಟು ಏರಿಳಿಯುವುದರಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ಮಾಯ. ಅದೇ ಸ್ಕ್ರೂಗೆ ಇಂಥ ಮೂರು ಬಲ್ಬ್ ಜೋಡಿಸಿದ್ದರೆ ವೋಲ್ಟೇಜ್ ಎಂಟೂವರೆಯ ಹತ್ತಿರ ಇಳಿದು, ಬೆಳಕು ಮೂರನೇ ಒಂದು ಭಾಗವೂ ಉಳಿಯುವುದಿಲ್ಲ.

ಇಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ದಾರಿ ತಪ್ಪಿಸುತ್ತದೆ. ಬಲ್ಬ್ ತೆಗೆದು ಹೋಲ್ಡರಿನಲ್ಲಿ ಅಳೆದರೆ ಪೂರಾ 12 ವೋಲ್ಟ್ ತೋರಿಸುತ್ತದೆ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟು ಎಷ್ಟು ಅಲ್ಪವೆಂದರೆ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಸಾಕು. ಕಸ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದಲ್ಲ, ಹಾಗೆ. ಆದ್ದರಿಂದ ಬಲ್ಬ್ ಹಾಕಿ, ದೀಪ ಹೊತ್ತಿಸಿಯೇ ಅಳೆಯಬೇಕು. ಮೀಟರಿನ ಕಪ್ಪು ತುದಿಗೆ ಉದ್ದನೆಯ ವೈರು ಸೇರಿಸಿ ಬ್ಯಾಟರಿಯ ನೆಗೆಟಿವ್‌ಗೆ ಕೊಡಿ, ಕೆಂಪು ತುದಿಯನ್ನು ಹೋಲ್ಡರಿನ ಲೋಹದ ಕವಚಕ್ಕೆ ಮುಟ್ಟಿಸಿ. 0.1–0.2 ವೋಲ್ಟ್ ಬಂದರೆ ಅರ್ಥಿಂಗ್ ಗಟ್ಟಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಖಾತ್ರಿಯಾಗಬೇಕೆಂದರೆ ಹೋಲ್ಡರಿನ ಕವಚದಿಂದ ಚಾಸಿಯ ಶುಭ್ರವಾದ ಬೋಲ್ಟಿಗೆ ತಾತ್ಕಾಲಿಕವಾಗಿ ಒಂದು ವೈರು ಹಿಡಿಯಿರಿ. ದೀಪ ಝಗ್ಗನೆ ಬೆಳಗಿದರೆ ಬೇರೆ ಪುರಾವೆ ಬೇಡ.

ದುರಸ್ತಿಗೆ ಹಳೆಯ ಸ್ಕ್ರೂವನ್ನೇ ಬಿಗಿ ಮಾಡಿ ಮುಗಿಸಬೇಡಿ. ಚಾಸಿಯ ಬಣ್ಣ, ತುಕ್ಕು ಎಲ್ಲವನ್ನೂ ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಹೊಸ ರಿಂಗ್ ಟರ್ಮಿನಲ್ (ವೈರಿನ ತುದಿಗೆ ಒತ್ತುವ ಉಂಗುರ), ಹಲ್ಲುಳ್ಳ ವಾಷರ್, ಬೋಲ್ಟು, ನಟ್ಟು. ಬಿಗಿದ ಮೇಲೆ ಗ್ರೀಸ್ ಅಥವಾ ಬಣ್ಣ. ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಗಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಅದಕ್ಕೆ ಟರ್ಮಿನಲ್ ಒತ್ತಿ ಪ್ರಯೋಜನವಿಲ್ಲ. ನೀರು ಎಳೆಗಳ ಸಂದಿಯಲ್ಲಿ ಏರಿ, ಸಿಪ್ಪೆಯ ಒಳಗೇ ದೂರ ಹೋಗಿರುತ್ತದೆ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ತುಂಡು ಸೇರಿಸಿ, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆಯಿಂದ ಮುಚ್ಚಿ. ಹಳೆಯ ಕೆಲಸದಲ್ಲಿ ವೈರಿನ ಸಿಪ್ಪೆ ಸೀಳಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಸಿಗುತ್ತವೆ, ಟ್ರೇಲರ್ ಸಾಕೆಟ್ಟಿನ ಹಿಂದೆ ವಿಶೇಷವಾಗಿ. ಅವು ಎಳೆಗಳನ್ನೂ ಕಡಿಯುತ್ತವೆ, ನೀರನ್ನೂ ಬಿಟ್ಟುಕೊಳ್ಳುತ್ತವೆ. ಕಂಡಲ್ಲಿ ಕಿತ್ತೆಸೆಯುವುದೇ ಲೇಸು.

ಅರ್ಥಿಂಗ್ ಸರಿಯಿದ್ದೂ ದೀಪವಿಲ್ಲ ಎಂದಾದರೆ ಯಾವ ಬ್ಯಾಟರಿಯ ದೀಪ ಅದು ಎಂದು ಕೇಳಿಕೊಳ್ಳಿ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ, ಮನೆಭಾಗದ ಬ್ಯಾಟರಿ ಬೇರೆ. ಬಾಗಿಲ ಪಕ್ಕದ ದೀಪ ಸಾಮಾನ್ಯವಾಗಿ ಮನೆಯದು. ಬ್ರೇಕ್, ಇಂಡಿಕೇಟರ್, ಅಂಚಿನ ದೀಪಗಳು ಎಂಜಿನ್ ಬ್ಯಾಟರಿಯವು. ಅಂಚಿನ ದೀಪಗಳಿಗೆಂದು ಬಾಡಿ ಕಟ್ಟಿದವರು ನಡುವೆ ಇನ್ನೊಂದು ಫ್ಯೂಸ್ ಸೇರಿಸಿ ಎಲ್ಲೋ ಮೂಲೆಯಲ್ಲಿ ಬಿಟ್ಟಿರಬಹುದು. ಅಮೆರಿಕದಲ್ಲಿ ತಯಾರಾದ ಎಷ್ಟೋ ಹಳೆಯ ಗಾಡಿಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಫಿಲಮೆಂಟ್. ಬ್ರೇಕಿನ ಕರೆಂಟು ಸ್ಟಿಯರಿಂಗ್ ಬಳಿಯ ಇಂಡಿಕೇಟರ್ ಸ್ವಿಚ್ಚಿನೊಳಗಿಂದಲೇ ಹಾದುಬರುತ್ತದೆ. ಒಂದು ಬದಿಯ ಬ್ರೇಕ್ ದೀಪ ಮಾತ್ರ ಸತ್ತಿದ್ದರೆ ಪೆಡಲಿನ ಸ್ವಿಚ್ಚನ್ನು ದೂರಬೇಡಿ, ಈ ಸ್ವಿಚ್ಚನ್ನು ಅನುಮಾನಿಸಿ.

ಫ್ಯೂಸ್ ಮತ್ತೆ ಮತ್ತೆ ಹಾರುತ್ತಿದ್ದರೆ ಡಬ್ಬಿಗಟ್ಟಲೆ ಫ್ಯೂಸ್ ಸುಡಬೇಕಿಲ್ಲ. ಆ ಸಾಲಿನ ಎಲ್ಲ ಬಲ್ಬ್ ತೆಗೆದು, ಫ್ಯೂಸಿನ ಜಾಗಕ್ಕೆ 21 ವಾಟಿನ ಬಲ್ಬ್ ಜೋಡಿಸಿ. ಷಾರ್ಟ್ ಇರುವವರೆಗೆ ಅದು ಪ್ರಖರವಾಗಿ ಉರಿಯುತ್ತದೆ, ಆದರೆ ಎರಡು ಆಂಪಿಯರಿನ ಆಸುಪಾಸಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ಈಗ ಒಂದೊಂದೇ ಕನೆಕ್ಟರ್ ಬಿಚ್ಚುತ್ತ, ವೈರು ಅಲುಗಿಸುತ್ತ ಹೋಗಿ. ಬಲ್ಬ್ ಆರಿದ ಕಡೆ ಷಾರ್ಟ್ ಇದೆ. ಬಂಪರಿನ ಅಂಚು, ಚಾಸಿಯ ತೂತುಗಳು ವೈರು ಉಜ್ಜಿ ಸವೆಯುವ ಜಾಗಗಳು. ದೊಡ್ಡ ಫ್ಯೂಸ್ ಹಾಕುವ ಉಪಾಯ ಮಾತ್ರ ಬೇಡವೇ ಬೇಡ. ಫ್ಯೂಸ್ ಕಾಯುವುದು ವೈರನ್ನು, ಮತ್ತು ಆ ವೈರು ಮರದ ಗೋಡೆಯೊಳಗಿದೆ.

ಎಲ್‌ಇಡಿ ಹಾಕುವವರಿಗೆ ಎರಡು ಮಾತು. ಇಂಡಿಕೇಟರನ್ನು ಮಿಣುಕಿಸುವ ಹಳೆಯ ಬೈಮೆಟಲ್ (ಎರಡು ಲೋಹದ ಪಟ್ಟಿಯ) ಫ್ಲ್ಯಾಷರ್ ಬಲ್ಬಿನ ಕರೆಂಟಿನಿಂದಲೇ ಬಿಸಿಯಾಗಿ ಕೆಲಸ ಮಾಡುವಂಥದ್ದು. ಎಲ್‌ಇಡಿಯ ಅಲ್ಪ ಕರೆಂಟಿಗೆ ಅದು ಮಿಣುಕುವುದೇ ಇಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಇರಲಿ. ಬಿಳಿಯದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆಯಾದ್ದರಿಂದ ಗಾಜು ಬಹುಭಾಗವನ್ನು ನುಂಗಿಬಿಡುತ್ತದೆ.

ಚಾವಣಿ ಅಂಚಿನ ದೀಪ ಬಿಚ್ಚಿದಾಗ ಅದರ ಹಿಂದಿನ ಮರವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ದೀಪದ ತೂತಿನಿಂದ ಮಳೆನೀರು ಗೋಡೆಯೊಳಗೆ ಇಳಿಯುತ್ತಿದೆ, ಹೋಲ್ಡರಿನ ಕಿಲುಬು ಅದರ ಸಣ್ಣ ಪಾಲಷ್ಟೆ. ಮರ ಪೂರ್ತಿ ಒಣಗಿದ ಮೇಲೆ ದೀಪ ಕೂರಿಸಿ, ಮೇಲಂಚು ಮತ್ತು ಎರಡು ಪಕ್ಕಗಳಿಗೆ ಸೀಲಂಟ್ ಬಳಿಯಿರಿ. ಕೆಳಗಂಚನ್ನು ಹಾಗೇ ಬಿಡಿ. ಒಳಗೆ ಸೇರಿದ ಹನಿ ಹೊರಬೀಳಲು ಜಾಗ ಬೇಕು.