ನಾಡಿಗಿಂತ ಮೊದಲು ಮಾತು: ಚೀನೀ ವೈದ್ಯದಲ್ಲಿ ರೋಗಿಯನ್ನು ಕೇಳುವ ಬಗೆ

ಚೀನೀ ವೈದ್ಯ ಅಂದ ಕೂಡಲೇ ನಾಡಿ ನೆನಪಾಗುತ್ತದೆ. ವೈದ್ಯರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರೆ ಸಾಕು, ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆ ಚೀನಾದಲ್ಲೂ ಹಳೆಯದು. ಆದರೆ ಪರೀಕ್ಷೆಯ ಕ್ರಮ ನೋಡಿ: ಮೊದಲು ನೋಡುವುದು, ಆಮೇಲೆ ದನಿ ಆಲಿಸಿ ವಾಸನೆ ಗಮನಿಸುವುದು, ಆಮೇಲೆ ಪ್ರಶ್ನೆ ಕೇಳುವುದು, ಕೊನೆಗೆ ಮುಟ್ಟುವುದು. ನಾಡಿ ಬರುವುದು ಈ ನಾಲ್ಕನೆಯದರಲ್ಲಿ. ಆಯುರ್ವೇದದ ದರ್ಶನ, ಸ್ಪರ್ಶನ, ಪ್ರಶ್ನ ಓದಿದವರಿಗೆ ಇದು ಬೇಗ ಹಿಡಿಸುತ್ತದೆ.

ನನ್ನ ಪ್ರಕಾರ ಇವುಗಳಲ್ಲಿ ಪ್ರಶ್ನೆಯ ಭಾಗವನ್ನೇ ಜಾಸ್ತಿ ಗಮನವಿಟ್ಟು ಓದಬೇಕು. ಮೂಲಗ್ರಂಥ ಹುವಾಂಗ್‌ದಿ ನೇಯ್‌ಜಿಂಗ್ ಈ ವಿಷಯದಲ್ಲಿ ಖಡಕ್ಕಾಗಿದೆ. ಕಾಯಿಲೆ ಹೇಗೆ ಶುರುವಾಯಿತು, ಮನಸ್ಸಿಗೆ ಏನು ಚಿಂತೆ, ಊಟ ನಿದ್ದೆ ಹೇಗಿದೆ ಅಂತ ಕೇಳದೆ ಸುಮ್ನೆ ಕೈ ಹಿಡಿದರೆ ಯಾವ ರೋಗ ತಾನೇ ಗೊತ್ತಾದೀತು ಎಂದು ಅದು ವೈದ್ಯರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ.

ಏನೇನು ಕೇಳಬೇಕು ಎಂಬುದನ್ನು ಮಿಂಗ್ ಅರಸರ ಕಾಲದ ವೈದ್ಯ ಜಾಂಗ್ ಜಿಂಗ್‌ಯುವೆ (1563–1640) ಬಾಯಿಪಾಠಕ್ಕೆ ಒಗ್ಗುವ ಪದ್ಯದಲ್ಲಿ ಕಟ್ಟಿಕೊಟ್ಟರು. ಇದೇ ‘ಹತ್ತು ಪ್ರಶ್ನೆ’. ಚಳಿ ಮತ್ತು ಬಿಸಿ, ಬೆವರು, ತಲೆ ಮತ್ತು ಮೈ, ಮಲಮೂತ್ರ, ಊಟ, ಎದೆ, ಕಿವಿ, ಬಾಯಾರಿಕೆ ಎಂದು ಸಾಗುತ್ತದೆ. ಅವರ ಪದ್ಯದಲ್ಲಿ ಕೊನೆಯ ಎರಡು ಪ್ರಶ್ನೆಗಳೇ ಅಲ್ಲ, ನಾಡಿ, ಮುಖದ ಬಣ್ಣ, ವಾಸನೆ ಇಂಥವನ್ನು ಗಮನಿಸುವ ಮಾತು. ಹಳೆಯ ಕಾಯಿಲೆ, ಕಾಯಿಲೆಯ ಕಾರಣ ಎಂಬ ಪ್ರಶ್ನೆಗಳು ಆ ಜಾಗಕ್ಕೆ ಬಂದದ್ದು ಆಮೇಲೆ, ಚಿಂಗ್ ಕಾಲದಲ್ಲಿ.

ಬಾಯಾರಿಕೆಯನ್ನೇ ತೆಗೆದುಕೊಳ್ಳಿ. ‘ಬಾಯಾರುತ್ತಾ?’ ಅಂತ ಕೇಳಿ ಬಿಟ್ಟರೆ ಅರ್ಧ ಕೆಲಸ. ತಣ್ಣೀರು ಬೇಕೆನಿಸುತ್ತದೋ, ಬಿಸಿನೀರೋ? ಗಟಗಟ ಕುಡಿಯುತ್ತೀರೋ, ಗುಟುಕು ಗುಟುಕಾಗಿಯೋ? ತಣ್ಣೀರನ್ನೇ ಬೇಡಿದರೆ ಒಳಗೆ ಉಷ್ಣ ಇದೆ ಎಂದು ಚೀನೀ ವೈದ್ಯರ ಲೆಕ್ಕ. ಬಾಯಿ ಒಣಗಿದ್ದರೂ ನೀರು ಬೇಡವೆನಿಸಿದರೆ ಮೈಯಲ್ಲಿ ತೇವ ಜಾಸ್ತಿಯಾಗಿದೆಯೇನೋ ಎಂಬ ಅನುಮಾನ. ಇದನ್ನೆಲ್ಲ ಹೇಳಬೇಕಾದವರು ರೋಗಿಯೇ ಅಲ್ವಾ?

ಆದರೆ ಬಾಯಿಬಿಡದೆ ಕೈ ಮಾತ್ರ ಚಾಚಿ ವೈದ್ಯರನ್ನು ಪರೀಕ್ಷೆ ಮಾಡುವ ರೋಗಿಗಳೂ ಇದ್ದರು. ಸೋಂಗ್ ಕಾಲದ ಕವಿ ಸು ಶಿ (1037–1101) ಈ ಚಾಳಿಯನ್ನು ಟೀಕಿಸಿದರು. ವೈದ್ಯರು ಎಂಥವರು ಎಂಬುದನ್ನು ಆರೋಗ್ಯವಾಗಿದ್ದಾಗಲೇ ನೋಡಿಟ್ಟುಕೊಳ್ಳುತ್ತೇನೆ, ಕಾಯಿಲೆ ಬಂದಾಗ ಮೊದಲು ಎಲ್ಲ ಹೇಳಿಬಿಡುತ್ತೇನೆ, ನನಗೆ ಬೇಕಾದ್ದು ಗುಣವಾಗುವುದು, ವೈದ್ಯರನ್ನು ಪೇಚಿಗೆ ಸಿಕ್ಕಿಸುವುದಲ್ಲ ಎಂಬ ಅರ್ಥದಲ್ಲಿ ಬರೆದರು. ಒಬ್ಬ ರೋಗಿ ಇಷ್ಟು ಬಿಚ್ಚುಮನಸ್ಸಿನಿಂದ ಬರೆದದ್ದು ನನಗೆ ತುಂಬ ಇಷ್ಟ.

ಇನ್ನು ವೈದ್ಯರು ಹೇಳುವ ಬಗೆ. ನೇಯ್‌ಜಿಂಗ್‌ನ ಲಿಂಗ್‌ಶು ಭಾಗದಲ್ಲಿ ಮಾತು ಕೇಳದ ಶ್ರೀಮಂತ ರೋಗಿಗಳ ಪ್ರಸ್ತಾಪ ಬರುತ್ತದೆ. ಅಲ್ಲಿ ಅರಸನ ಪ್ರಶ್ನೆಗೆ ವೈದ್ಯಗುರು ಚಿ ಬೋ ಕೊಡುವ ಉತ್ತರ ನಾಲ್ಕು ಹೆಜ್ಜೆಯದು: ಯಾವುದರಿಂದ ಕೆಡುಕು ಎಂದು ಹೇಳು, ಯಾವುದು ಒಳ್ಳೆಯದೆಂದು ತಿಳಿಸು, ಅವರಿಗೆ ಒಗ್ಗುವ ದಾರಿ ತೋರಿಸು, ನೋವಿನ ಗಂಟು ಬಿಡಿಸು. ಸಾವು ಯಾರಿಗೂ ಬೇಡ, ಹೀಗೆ ಹೇಳಿದರೆ ಎಂಥವರೂ ಕೇಳುತ್ತಾರೆ ಎಂಬುದು ಅವನ ವಾದ.

ಇಂದಿನ ತೊಡಕು ಬೇರೆ ಥರದ್ದು. ಚೀನೀ ವೈದ್ಯರು ‘ಕಿಡ್ನಿ ದುರ್ಬಲ’ ಎಂದರೆ ರೋಗಿಗೆ ಡಯಾಲಿಸಿಸ್ ನೆನಪಾಗಿ ಎದೆ ಧಸಕ್ಕೆನ್ನುತ್ತದೆ. ಆ ಶಾಸ್ತ್ರದಲ್ಲಿ ಕಿಡ್ನಿ ಅಂದರೆ ಬೆಳವಣಿಗೆ, ಮುಪ್ಪು, ಮೂಳೆ, ಸಂತಾನಶಕ್ತಿ ಎಲ್ಲ ಸೇರಿದ ಒಂದು ಕಲ್ಪನೆ. ರಕ್ತಪರೀಕ್ಷೆಯಲ್ಲಿ ಕಾಣುವ ಕಿಡ್ನಿ ತೊಂದರೆಯೇ ಬೇರೆ. ಈ ಎರಡನ್ನೂ ಬಿಡಿಸಿ ಹೇಳುವುದು ವೈದ್ಯರ ಕೆಲಸ. ಅವರು ಹೇಳದಿದ್ದರೆ ‘ನೀವು ಹೇಳುತ್ತಿರುವುದು ಯಾವ ಕಿಡ್ನಿ, ಡಾಕ್ಟ್ರೇ?’ ಎಂದು ರೋಗಿ ಧೈರ್ಯವಾಗಿ ಕೇಳಬಹುದು.