ಕರಾವಳಿ ಹಳ್ಳಿಯ ರಿಸ್ಕ್ ಲೆಕ್ಕ: ‘ನೂರು ವರ್ಷಕ್ಕೊಮ್ಮೆ’ ಅಂದ್ರೆ ಏನು?

ಮೈಸೂರು, ಮಂಡ್ಯ ಕಡೆ ಹುಟ್ಟಿ ಬೆಳೆದು, ಸಮುದ್ರವನ್ನು ಪ್ರವಾಸಕ್ಕೆ ಹೋದಾಗ ಮಾತ್ರ ನೋಡಿ, ಈಗ ಪರೀಕ್ಷೆಗೆ ಕರಾವಳಿಯ ವಿಪತ್ತು ನಿರ್ವಹಣೆ ಓದುತ್ತಿರುವ ನಮ್ಮಂಥವರಿಗೆ ಈ ಟಿಪ್ಪಣಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು ಅನ್ನುವುದೆಲ್ಲ ಒಂದು ಸಲ ಓದಿದರೆ ಬರುತ್ತೆ. ಅದನ್ನು ಬಿಡ್ತೀನಿ. ತಲೆ ತಿನ್ನುವುದು ರಿಸ್ಕ್ ಲೆಕ್ಕ.

ಸೂತ್ರ ಸುಲಭ. ಹಜಾರ್ಡ್ ಗುಣಿಸು ಎಕ್ಸ್‌ಪೋಷರ್ ಗುಣಿಸು ವಲ್ನರಬಿಲಿಟಿ. ಅಂದ್ರೆ ಏನು ಬರುತ್ತೆ, ಅದರ ದಾರಿಯಲ್ಲಿ ಯಾರಿದ್ದಾರೆ, ಬಂದರೆ ಅವರು ಎಷ್ಟು ತಡೆದುಕೊಳ್ಳುತ್ತಾರೆ. ಇದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಕಡಿಮೆಯಾದರೆ ಒಟ್ಟು ಮೊತ್ತವೇ ಇಳಿಯುತ್ತೆ. ಒಡಿಶಾ ನೋಡಿ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂತು, ಅದೂ ಸಣ್ಣದೇನಲ್ಲ, ಗಾಳಿಯ ವೇಗ ಗಂಟೆಗೆ 200 ಕಿ.ಮೀ. ದಾಟಿತ್ತು. ಆದರೆ ಅಷ್ಟರಲ್ಲಿ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. ಸಾವು ಹತ್ತಾರರಲ್ಲೇ ನಿಂತಿತು. ಗಾಳಿಯನ್ನು ಯಾರೂ ತಡೆಯಲಿಲ್ಲ. ಮುಖ್ಯವಾಗಿ ಇಳಿಸಿದ್ದು ಎಕ್ಸ್‌ಪೋಷರ್.

ಈಗ ನಿಜವಾದ ಗಂಟು. ಪುಸ್ತಕದಲ್ಲಿ ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಅಂತ ಬರುತ್ತೆ. ಓದಿದ ತಕ್ಷಣ ಮನಸ್ಸಿಗೆ ಅನಿಸುವುದು, ಈ ವರ್ಷ ಬಂತಲ್ವಾ, ಇನ್ನು ನಮ್ಮ ಕಾಲಕ್ಕೆ ಇಲ್ಲ ಅಂತ. ಅದರ ಅರ್ಥ ಅದಲ್ಲವೇ ಅಲ್ಲ. ಯಾವುದೇ ಒಂದು ವರ್ಷ ತಗೊಳ್ಳಿ, ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರರಲ್ಲಿ ಒಂದು. ಮುಂದಿನ ವರ್ಷವೂ ನೂರರಲ್ಲಿ ಒಂದು. ಅದರ ಮುಂದಿನ ವರ್ಷವೂ ಅಷ್ಟೇ. ಚೌಕಾಬಾರದಲ್ಲಿ ಈಗ ತಾನೇ ಚೌಕ ಬಿತ್ತು ಅಂತ ಕವಡೆಗೆ ನೆನಪಿರುತ್ತಾ? ನಮ್ಮ ಕಡೆಯದೇ ನೋಡಿ, 2018ರಲ್ಲಿ ಕಬಿನಿಯಿಂದ ನೀರು ಬಿಟ್ಟು ನಂಜನಗೂಡಿನ ರಸ್ತೆ ಮೇಲೆ ನೀರು ಬಂತು, 2019ರಲ್ಲಿ ಮತ್ತೆ ಬಂತು. ಅವು ನೂರು ವರ್ಷದ ನೆರೆಗಳು ಅಂತ ನಾನು ಹೇಳ್ತಿಲ್ಲ. ಹೋದ ವರ್ಷ ಬಂದಿತ್ತು ಅನ್ನುವುದು ಈ ವರ್ಷಕ್ಕೆ ರಕ್ಷಣೆ ಅಲ್ಲ, ಅಷ್ಟೇ.

ಮುಂದಿನ ಹೆಜ್ಜೆಯಲ್ಲಿ ಜಾಸ್ತಿ ಜನ ಮುಗ್ಗರಿಸುತ್ತಾರೆ. ಕಡಲ ದಂಡೆಯಲ್ಲಿ ಒಬ್ಬರು ಮನೆ ಕಟ್ಟುತ್ತಾರೆ, 30 ವರ್ಷ ಅಲ್ಲೇ ಇರ್ತಾರೆ ಅನ್ನಿ. ವರ್ಷಕ್ಕೆ ಶೇ. 1, ಹಾಗಾದ್ರೆ 30 ವರ್ಷಕ್ಕೆ ಶೇ. 30? ಕೂಡಿಸುತ್ತಾ ಹೋದರೆ 120 ವರ್ಷಕ್ಕೆ ಶೇ. 120 ಆಗುತ್ತೆ, ಅದು ಸಾಧ್ಯವೇ ಇಲ್ಲ. ಉಲ್ಟಾ ಹೋಗಬೇಕು. ಬರುವ ಸಾಧ್ಯತೆಯ ಬದಲು ಬಾರದೇ ಇರುವ ಸಾಧ್ಯತೆ ಹಿಡಿಯಿರಿ. ಒಂದು ವರ್ಷ ಬಾರದೇ ಇರಲು 0.99. ಎರಡು ವರ್ಷವೂ ಬಾರದೇ ಇರಲು 0.99 × 0.99. ಹೀಗೆ 30 ಸಲ ಗುಣಿಸಿದರೆ ಸುಮಾರು 0.74. ಒಂದರಲ್ಲಿ ಅದನ್ನು ಕಳೆಯಿರಿ, 0.26. ಅಂದ್ರೆ ಆ ಮನೆ ಒಮ್ಮೆಯಾದರೂ ಅಂಥ ನೆರೆ ನೋಡುವ ಸಾಧ್ಯತೆ ಶೇ. 26, ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. 26 ಮತ್ತು 30 ಹತ್ತಿರ ಇರೋದ್ರಿಂದ ಕೂಡಿಸಿದ್ದೂ ಸರಿ ಅನಿಸಿಬಿಡುತ್ತೆ, ಆದ್ದರಿಂದ 25 ವರ್ಷಕ್ಕೊಮ್ಮೆ ಬರುವ ನೆರೆ ಹಾಕಿ ನೋಡಿ. ವರ್ಷಕ್ಕೆ ಶೇ. 4. ಕೂಡಿಸಿದರೆ ಅದೇ 120! ಸರಿಯಾಗಿ ಮಾಡಿದರೆ 0.96 ಅನ್ನು 30 ಸಲ ಗುಣಿಸಿ 0.29, ಉತ್ತರ ಸುಮಾರು ಶೇ. 71.

ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಒಂದಿದೆ. ಎಷ್ಟು ವರ್ಷಕ್ಕೊಮ್ಮೆ ಬರುವ ನೆರೆಯೋ ಅಷ್ಟೇ ವರ್ಷ ಅಲ್ಲಿದ್ದರೆ, 10 ವರ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ ಉತ್ತರ ಶೇ. 63ರಿಂದ 65ರ ಆಸುಪಾಸು. 10ಕ್ಕೆ 10, 50ಕ್ಕೆ 50, 100ಕ್ಕೆ 100, ಯಾವುದಾದ್ರೂ ಹಾಕಿ ನೋಡಿ. ಪರೀಕ್ಷೆಯಲ್ಲಿ ಉತ್ತರ ಸರಿಯಿದೆಯಾ ಅಂತ ತಾಳೆ ನೋಡಲು ಇದು ಸಾಕು. ಪ್ರತಿ ವರ್ಷದ ಸಾಧ್ಯತೆ ಒಂದೇ ಅಂತ ಈ ಲೆಕ್ಕ ನಂಬುತ್ತೆ, ಅದನ್ನೂ ಒಂದು ಸಾಲು ಬರೆಯಿರಿ. ಸಮುದ್ರ ಮಟ್ಟ ಏರುತ್ತಿದ್ದರೆ ಹಳೆಯ ಶೇ. 1 ಹಾಗೇ ಉಳಿಯಲ್ಲ.

ಇನ್ನು ಹಳ್ಳಿಗೆ ಬನ್ನಿ. ಉಡುಪಿ ಜಿಲ್ಲೆಯ ಮರವಂತೆಯ ನಕ್ಷೆ ತೆಗೆದು ನೋಡಿ. ಹೆದ್ದಾರಿ 66ರ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ ನದಿ. ‘ಸಮುದ್ರದಿಂದ ದೂರ ಒಳನಾಡಿಗೆ ಓಡಿ’ ಅಂತ ಬರೆಯೋದು ಸುಲಭ, ಆದರೆ ಆ ಪಟ್ಟಿಯಲ್ಲಿ ಒಳನಾಡಿಗೆ ನೇರ ಓಡಿದರೆ ಸಿಗುವುದು ನದಿ. ಹೆದ್ದಾರಿಯಲ್ಲೇ ಉತ್ತರಕ್ಕೋ ದಕ್ಷಿಣಕ್ಕೋ ಹೋಗಬೇಕು, ಆ ರಸ್ತೆಯೋ ಕಡಲ ಪಕ್ಕದಲ್ಲೇ ಇದೆ. ಹಾಗಾಗಿ ಅಲ್ಲಿ ರಸ್ತೆ ಕೆಡುವ ಮೊದಲೇ ಹೊರಡಬೇಕು. ನಕ್ಷೆ ನೋಡದೆ ಬರೆದ ಯೋಜನೆ ಇಂಥ ಕಡೆ ಜನರನ್ನೇ ಸಿಕ್ಕಿಸುತ್ತೆ.

ತಿಂಗಳೂ ಮುಖ್ಯ. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗ ದೊಡ್ಡ ಬೋಟುಗಳೆಲ್ಲ ದಡದಲ್ಲಿ. ಆದರೆ ತೌಕ್ತೆ ಚಂಡಮಾರುತ ಬಂದದ್ದು 2021ರ ಮೇ ತಿಂಗಳಲ್ಲಿ. ಓಖಿ ಚಂಡಮಾರುತ 2017ರ ನವೆಂಬರ್ ಕೊನೆ, ಡಿಸೆಂಬರ್ ಶುರುವಿನಲ್ಲಿ. ಎರಡೂ ಬಂದದ್ದು ಬೋಟುಗಳು ಕಡಲಿನಲ್ಲಿರುವ ಕಾಲದಲ್ಲೇ. ಎಕ್ಸ್‌ಪೋಷರ್ ಬರೆಯುವಾಗ ವರ್ಷಕ್ಕೆ ಒಂದೇ ಸಂಖ್ಯೆ ಕೊಡಬೇಡಿ, ತಿಂಗಳ ಪ್ರಕಾರ ಬೇರೆ ಬೇರೆ ಕೊಡಿ.

ಕೊನೆಗೆ ಹವಾಮಾನ ಇಲಾಖೆಯ ಎಚ್ಚರಿಕೆಯ ಬಣ್ಣಗಳು. ಹಳದಿ ಅಂದ್ರೆ ಗಮನ ಇರಲಿ, ಆರೆಂಜ್ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಈಗಲೇ ಕೆಲಸ ಶುರು. 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಜಾಸ್ತಿ ಆದರೆ ಅದು ಅತ್ಯಂತ ಭಾರೀ ಮಳೆ. ಹಳ್ಳಿಯ ಯೋಜನೆ ಬರೆಯುವಾಗ ಪ್ರತಿ ಬಣ್ಣಕ್ಕೂ ಕೆಲಸ ಹಂಚಿ. ಹಾಸಿಗೆ ಹಿಡಿದ ಅಜ್ಜಿಯನ್ನು ಯಾರ ಗಾಡಿಯಲ್ಲಿ ಕರೆದೊಯ್ಯಬೇಕು, ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ, ಇವು ಆರೆಂಜ್‌ನಲ್ಲೇ ತೀರ್ಮಾನ ಆಗಿರಬೇಕು, ಮರವಂತೆಯಂಥ ಕಡೆ ಆಗಲೇ ಹೊರಟಿರಬೇಕು.